ಭತ್ತ ಕೊಯ್ದ ಮ್ಯಾಲೆ ಸಾಸಿವಿ ಹಾಕಬೇಕಂತ ಮಾಡೀನಿ, ನಮ್ಮ ಕಡೆ ಬರ್ತೈತೇನ್ರಿ?

ಕಾರಟಗಿ_ಕೊನೆಭಾಗ
ಅಕ್ಟೋಬರ್ 6, 2025, ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರಿ. ನಂದು ಕಾರಟಗಿ ಹತ್ರ ಹಳ್ಳಿ, ತುಂಗಭದ್ರಾ ಡ್ಯಾಮಿನ ಎಡದಂಡಿ ಕಾಲುವಿ ಕೊನಿ ಭಾಗ, ಒಟ್ಟು ಎಂಟೆಕ್ರೆ, ಅದ್ರಾಗ ಏಳು ಎಕ್ರೆ ಎರಿ ಭೂಮಿ ಸೋನಾ ಮಸೂರಿ ಹಾಕೀನಿ. ಈ ಸಲ ಎರಡನೇ ಬೆಳಿಗೆ ನೀರು ಬಿಡಂಗಿಲ್ಲ ಅಂತ ಎಲ್ಲಾ ಕಡೆ ಮಾತು ನಡದೈತಿ, 2024ರ ಆಗಸ್ಟಿನ್ಯಾಗ 19ನೇ ಗೇಟ್ ಕೊಚ್ಕೊಂಡು ಹೋತಲ್ಲ, ಈಗ 33 ಗೇಟೂ ಹೊಸಾವು ಹಾಕಬೇಕಂದ್ರ ಡ್ಯಾಮಿನ್ಯಾಗ ನೀರು ಇಳಿಸ್ಬೇಕಲ್ಲ. ಅಂದ್ರ ಡಿಸೆಂಬರ್‌ನಿಂದ ಜೂನ್ ಮಟ ಹೊಲ ಬೀಳು.

ಹೋದ ಸಲ ಭತ್ತ ಕೊಯ್ಯೋ ಮಷಿನ್ ಜೋಡಿ ಬಂದ ಡ್ರೈವರ್ ಪಂಜಾಬಿನವ, ನಮ್ಮ ಕಟ್ಟಿ ಮ್ಯಾಲೆ ಕುಂತು ರೊಟ್ಟಿ ತಿನ್ಕೋತ ನಮ್ಮ ಕಡೆ ಭತ್ತ ಆದ ಮ್ಯಾಲೆ ಸಾಸಿವಿ ಹಾಕ್ತಾರ, ಎರಡು ನೀರಿನಾಗ ಬರ್ತೈತಿ, ನೀವ್ಯಾಕ ಹಾಕಂಗಿಲ್ಲ ಅಂತ ಕೇಳಿದ್ದ. ಆಗಿಂದ ತಲ್ಯಾಗ ಅದಾ ಕೊರಿಲಿಕತ್ತೈತಿ. ಯೂಟ್ಯೂಬ್ ತಗದ್ರ ರಾಜಸ್ಥಾನದಾಗ ಅರಿಷಿಣ ಚೆಲ್ಲಿದಂಗ ಹೊಲ, ಗಿರಿರಾಜ್ ಅಂತ ತಳಿ, ಎಕ್ರೆಕ್ಕ ಹತ್ತು ಕ್ವಿಂಟಲ್ ಅಂತಾರ. ಬೋರ್ ಐತಿ, ಒಂದೂವರಿ ಇಂಚು ನೀರು, ಸ್ವಲ್ಪ ಸವಳು. ಏಳೂ ಎಕ್ರೆ ಹಾಕ್ಲೇನ್ರಿ? ಯಾವ ತಳಿ ತರ್ಲಿ, ಎಷ್ಟು ಬೀಜ, ರೋಗ ಏನು, ಮಾರೋದು ಎಲ್ಲಿ, ಗೊತ್ತಿದ್ದವ್ರು ಹೇಳ್ರಿ.

ಹಗರಿ_ದಂಡೆ
ಅಕ್ಟೋಬರ್ 6, ರಾತ್ರಿ 10:25

ಅಣ್ಣಾ ನಾನು ಸಿರುಗುಪ್ಪ ತಾಲೂಕು. ಏಳು ಎಕ್ರೆ ಅಂದಿದ್ದು ನೋಡಿ ನಿದ್ದೆ ಬಿಟ್ಟು ಬರೀತಿದೀನಿ. 2023ರಲ್ಲಿ ಮಳೆ ಕೈ ಕೊಡ್ತಲ್ಲ, ಆಗ ನಾನೂ ನಿಮ್ಮಂಗೇ ವಿಡಿಯೋ ನೋಡಿ ಒಂದೂವರೆ ಎಕ್ರೆ ಹಾಕ್ದೆ. ಭತ್ತ ಕೊಯ್ಸಿ, ಹುಲ್ಲು ಎತ್ತಿ, ಗದ್ದೆ ಆರೋದು ಕಾಯ್ದು, ರೊಟವೇಟರ್ ಹೊಡ್ಸೋ ಹೊತ್ತಿಗೆ ಡಿಸೆಂಬರ್ 20 ದಾಟಿತ್ತು. ಕೆಸರು ತುಳಿದ ಎರೆ ಮಣ್ಣು ಒಣಗಿದ್ರೆ ಹೆಂಗಿರುತ್ತೆ ನಿಮಗೆ ಗೊತ್ತಲ್ಲ, ತೆಂಗಿನಕಾಯಿ ಗಾತ್ರದ ಹೆಂಟೆ. ಸಾಸಿವೆ ಕಾಳು ಆ ಸಂದೀಲಿ ಬಿದ್ದು ಎಲ್ಲಿ ಹೋಯ್ತೋ ದೇವ್ರಿಗೇ ಗೊತ್ತು, ಅರ್ಧ ಹುಟ್ಟಿತು ಅರ್ಧ ಇಲ್ಲ, ಹುಟ್ಟಿದ್ದರ ಮಧ್ಯೆ ಭತ್ತದ ಕೂಳೆ ಚಿಗುರು ಬೇರೆ. ಹೂ ಬಿಟ್ಟಾಗ ಮಾತ್ರ ಚಂದ ಇತ್ತಪ್ಪ, ಊರ ಹುಡುಗ್ರೆಲ್ಲಾ ಬಂದು ರೀಲ್ಸ್ ಮಾಡ್ಕೊಂಡು ಅರ್ಧ ಸಾಲು ತುಳಿದು ಹೋದ್ರು.

ಆಮೇಲೆ ಫೆಬ್ರವರಿಲಿ ಹೇನು ಬಿತ್ತು. ಮೊದಲು ಬದುವಿನ ಕಡೆ ನಾಲ್ಕು ಗಿಡದಲ್ಲಿ ಕಂಡಿತ್ತು, ಬಿಡು ಅಂದೆ. ಒಂದು ವಾರ ಮದುವೆ ಅಂತ ಆದೋನಿಗೆ ಹೋಗಿ ಬಂದೆ, ಬಂದು ನೋಡಿದ್ರೆ ಹೂವಿನ ಕಡ್ಡಿಗೆಲ್ಲಾ ಬೂದಿ ಮೆತ್ತಿದಂಗೆ, ಬೆರಳಲ್ಲಿ ಹಿಡಿದು ಮೇಲಕ್ಕೆ ಎಳೆದ್ರೆ ಕೈಯೆಲ್ಲಾ ಹಸಿರು ಲೋಳೆ. ಹೊಲದಲ್ಲಿ ಒಂದು ಸುತ್ತು ಹಾಕಿ ಬಂದ್ರೆ ಲುಂಗಿ ಬೆಲ್ಲದ ಪಾಕಕ್ಕೆ ಅದ್ದಿದಂಗೆ ಅಂಟಂಟು, ಅದ್ರ ಮೇಲೆ ಕಪ್ಪು ಬೂಷ್ಟು. ಎರಡು ಸಲ ಔಷಧಿ ಹೊಡ್ದೆ, ಆ ಹೊತ್ತಿಗೆ ಬಿಸಿಲು ಶುರು, ತುದಿ ಹೂವೆಲ್ಲಾ ಉದುರಿ ಬರೀ ಕಡ್ಡಿ ನಿಂತಿತ್ತು. ಒಂದೂವರೆ ಎಕ್ರೆಗೆ ಎರಡು ಕ್ವಿಂಟಲ್ ಮೂವತ್ತು ಕೆಜಿ. ಟ್ರ್ಯಾಕ್ಟರ್ ಬಾಡಿಗೆ ಹುಟ್ಲಿಲ್ಲ. ಬೀಜ ಹೈಬ್ರಿಡ್ ಅಂತ ಕೊಟ್ಟಿದ್ರು, ಯಾವ ಅಂಗಡಿ ಅಂತ ಹೇಳೋದು ಬೇಡ, ಚೀಲಕ್ಕೆ ಟ್ಯಾಗೇ ಇರ್ಲಿಲ್ಲ, ನಾನೂ ಕೇಳ್ಲಿಲ್ಲ.

ಎರಿಮಣ್ಣು
ಅಕ್ಟೋಬರ್ 7, ಬೆಳಿಗ್ಗೆ 6:50

ಹಗರಿಯವ್ರು ಬರ್ದಿದ್ದರಾಗೇ ಮುಕ್ಕಾಲು ಉತ್ತರ ಅದ. ನಾ ರಾಯಚೂರಿನ್ಯಾಗ ಬಿ.ಎಸ್ಸಿ ಅಗ್ರಿ ಓದಿದಾಂವ, ಈಗ ಮಾನ್ವಿ ಕಡೆ ಮನಿ ಹೊಲ ನೋಡ್ಕೊಂಡು ಅದೀನಿ. ತಳಿ ಯಾವುದು ಅನ್ನೋದು ಆಮ್ಯಾಲೆ, ಮೊದಲ ಕ್ಯಾಲೆಂಡರ್ ತಗೀರಿ.

ಸಾಸಿವಿ ಚಳಿ ಬೆಳಿ. ಉತ್ತರದಾಗ ಅಕ್ಟೋಬರ್‌ದಾಗ ಬಿತ್ತಿ ಮಾರ್ಚಿನ್ಯಾಗ ಕೊಯ್ತಾರ, ಅವ್ರಿಗೆ ಡಿಸೆಂಬರ್ ಜನವರಿ ಮೈ ನಡುಗೋ ಚಳಿ ಸಿಗ್ತದ. ನಮ್ಮಲ್ಲಿ ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗ್ತದ ಅಂತಾರಲ್ಲ, ಅದಕ್ಕಿಂತ ಮೊದಲಾ ಕಾಳು ಗಟ್ಟಿ ಆಗಿರಬೇಕು. ಗಿರಿರಾಜ್ ಚಲೋ ತಳಿ, ಸುಳ್ಳಲ್ಲ, ಭರತ್‌ಪುರದ ಸಾಸಿವಿ ಸಂಶೋಧನಾ ಕೇಂದ್ರದ್ದು, ಆದ್ರ ಅದಕ್ಕ ಅಲ್ಲಿ ನಾಲ್ಕೂವರಿ ತಿಂಗಳ ಮ್ಯಾಲೆ ಬೇಕು. ನೀವು ಭತ್ತ ಕೊಯ್ದು ಡಿಸೆಂಬರ್ ಮೊದಲ ವಾರ ಬಿತ್ತಿದ್ರ ಎಲ್ಲಿಗೆ ಬರ್ತದ ಲೆಕ್ಕ ಹಾಕ್ರಿ. ಬಿಸಿಲಿಗೆ ಬೆಳಿ ಅವಸರ ಮಾಡಿ ಜಲ್ದಿ ಮುಗೀತದ, ಅದು ಲಾಭ ಅಂತ ತಿಳಿಬ್ಯಾಡ್ರಿ, ಕಾಳು ತುಂಬೋ ದಿನ ಕಮ್ಮಿ ಆಗಿ ಕಾಳು ಸಣ್ಣ, ಎಣ್ಣಿ ಅಂಶನೂ ಕಮ್ಮಿ. ಹೇನಿನ ಕಥಿನೂ ತಡ ಬಿತ್ತಿದ್ದರ ಕಥಿನೇ, ಮುಂಚೆ ಬಿತ್ತಿದ ಹೊಲದಾಗ ಹೇನು ಏರೋ ಹೊತ್ತಿಗೆ ಕಾಯಿ ಬಲ್ತಿರ್ತಾವ.

ಅದಕ್ಕ ನಾ ಹೇಳೋದು, ಭತ್ತದ ಗದ್ದಿಗೆ ಸಾಸಿವಿ ಬ್ಯಾಡ. ಮುಂಗಾರಿ ಸಜ್ಜಿ, ಹೆಸರು ಕಿತ್ತು ಈಗ ಖಾಲಿ ಬಿದ್ದಿರೋ ತುಂಡು ಏನಾರ ಇದ್ರ ಅಲ್ಲಿ ಇದೇ ಅಕ್ಟೋಬರ್ 15, 20ರೊಳಗ ಒಂದೆಕ್ರೆ ಹಾಕಿ ನೋಡ್ರಿ. ತಳಿ ಪೂಸಾ ಮಸ್ಟರ್ಡ್ 25 ಅಥವಾ 28, ದಿಲ್ಲಿ ಪೂಸಾ ಸಂಸ್ಥೆದವು, 105 ದಿನದ ಆಸುಪಾಸು. ನೀರು ಸವಳು ಅಂದ್ರಲ್ಲ, ಉಪ್ಪು ತಡಿಯೋದ್ರಾಗ ಸಾಸಿವಿ ಗಟ್ಟಿ ಬೆಳಿನೇ, ಕರ್ನಾಲ್‌ದ ಸವಳು ಮಣ್ಣಿನ ಸಂಸ್ಥೆಯವ್ರು ಸಿಎಸ್-58, ಸಿಎಸ್-60 ಅಂತ ಅದಕ್ಕಂತಲೇ ತಳಿ ಬಿಟ್ಟಾರ, ಅವು ದಿನ ಜಾಸ್ತಿ ತಗೋತಾವ ಅದೊಂದು ತೊಂದರಿ. ಒಂದು ಬಾಟ್ಲಿ ಬೋರ್ ನೀರು, ಒಂದು ಚೀಲ ಮಣ್ಣು ಗಂಗಾವತಿ ಕೃಷಿ ವಿಜ್ಞಾನ ಕೇಂದ್ರಕ್ಕ ಒಯ್ದು ಇ.ಸಿ. ಅಂದ್ರ ಉಪ್ಪಿನ ಅಂಶ ಎಷ್ಟಂತ ನೋಡಿಸ್ರಿ, ನಾಲಿಗಿಗೆ ಹಚ್ಚಿ ಸವಳು ಅನ್ನೋದು ಲೆಕ್ಕ ಅಲ್ಲ.

ಬೀಜ ಎಕ್ರೆಕ್ಕ ಒಂದೂವರಿಯಿಂದ ಎರಡು ಕೆಜಿ ಸಾಕು. ಸಾವಿರ ಕಾಳು ತೂಗಿದ್ರ ನಾಲ್ಕೈದು ಗ್ರಾಂ, ಅಂದ್ರ ಎರಡು ಕೆಜಿಯಾಗ ನಾಲ್ಕು ಲಕ್ಷದ ಮ್ಯಾಲೆ ಕಾಳು. ಸಾಲಿಗೆ 30 ಸೆಂ.ಮೀ., ಗಿಡಕ್ಕ 10 ಸೆಂ.ಮೀ. ಹಿಡಿದ್ರ ಎಕ್ರೆಕ್ಕ ಬೇಕಾದದ್ದು 1 ಲಕ್ಷ 35 ಸಾವಿರ ಗಿಡ ಅಷ್ಟೇ. ಉಳಿದದ್ದು 15, 20 ದಿನಕ್ಕ ಕಿತ್ತು ಒಗೀಬೇಕು, ಕೀಳಾಕ ಮನಸ್ಸು ಬರಂಗಿಲ್ಲ, ಆದ್ರ ಕೀಳದಿದ್ರ ಗಿಡ ಕಡ್ಡಿ ಕಡ್ಡಿ ಆಗಿ ಕವಲೇ ಒಡಿಯಂಗಿಲ್ಲ. ಕೂರಿಗಿ ಬಟ್ಟಲಿಗೆ ಬರೀ ಸಾಸಿವಿ ಹಾಕಿದ್ರ ಒಂದೇ ಸಾಲಿನಾಗ ಸೋರಿ ಹೋಗ್ತದ, ಸೋಸಿದ ಉಸುಕೋ ಪುಡಿ ತಿಪ್ಪಿಗೊಬ್ಬರನೋ ಕಲಸ್ರಿ. ಎರಡು ಮೂರು ಸೆಂ.ಮೀ. ಆಳ, ಅದಕ್ಕಿಂತ ಕೆಳಗ ಹೋದ್ರ ಮ್ಯಾಲೆ ಬರಂಗಿಲ್ಲ.

ಇನ್ನ ಗೊಬ್ಬರ. ನಮ್ಮವ್ರು ಡಿಎಪಿ ಯೂರಿಯಾ ಎರಡೇ ದೇವ್ರು ಅಂತ ತಿಳ್ಕೊಂಡಾರ. ಸಾಸಿವಿಗೆ ಗಂಧಕ ಬೇಕೇ ಬೇಕು, ಆ ಖಾರ, ಆ ವಾಸನಿ ಬರೋ ವಸ್ತುದಾಗೇ ಗಂಧಕ ಅದ, ಎಣ್ಣಿಗೂ ಅದಾ. ಎಕ್ರೆಕ್ಕ ಒಂದು ಕ್ವಿಂಟಲ್ ಜಿಪ್ಸಂ ಕಡೀ ಉಳುಮಿಯಾಗ ಹಾಕಿಬಿಟ್ರಿ ಅಂದ್ರ 16 ಕೆಜಿ ಗಂಧಕದ ಲೆಕ್ಕ ಮುಗೀತು, ಬುಡಕ್ಕ ಡಿಎಪಿ ಬಿಟ್ಟು ಗಂಧಕನೂ ಇರೋ 20:20:0:13 ಗೊಬ್ಬರ ಹಾಕ್ರಿ. ನೀರು ಎರಡು, ಹೂ ಬರೋ ಮುಂಚೆ 30, 35 ದಿನಕ್ಕ ಒಂದು, ಕಾಯಿ ತುಂಬೋವಾಗ ಇನ್ನೊಂದು. ಮಡಿಯಾಗ ನೀರು ನಿಂತ್ರ ಮಾತ್ರ ಎರಡು ದಿನದಾಗ ಹಳದಿ ಆಗ್ತದ, ಭತ್ತದ ಕೈ ಇದಕ್ಕ ಬ್ಯಾಡ.

ಕುಷ್ಟಗಿ_ಮಾವ
ಅಕ್ಟೋಬರ್ 7, ಮಧ್ಯಾಹ್ನ 1:15

ಇವತ್ತು ಶೀಗಿ ಹುಣ್ಣಿಮಿ ಚರಗ ಚೆಲ್ಲಿ ಈಗ ಮನಿಗೆ ಬಂದೆ, ಹೋಳಿಗಿ ಉಂಡು ಫೋನ್ ಹಿಡಿದ್ರ ಇಲ್ಲಿ ಸಾಸಿವಿ ಪುರಾಣ. ತಮ್ಮಾ, ಸಾಸಿವಿ ಏನು ನಮಗ ಹೊಸಾದಲ್ಲ. ನಮ್ಮವ್ವ ಕಡ್ಲಿ ಹೊಲದಾಗ ಅಕ್ಕಡಿಗೆ ಎರಡು ಸಾಲು ಸಾಸಿವಿ, ಎರಡು ಸಾಲು ಕೊತ್ತಂಬ್ರಿ, ಸುತ್ತ ದನ ಬರಬಾರ್ದಂತ ಕುಸುಬಿ ಹಾಕ್ತಿದ್ಲು, ವರ್ಷದ ಒಗ್ಗರಣಿಗಾಗಿ ಅಕ್ಕನ ಮನಿಗೂ ಒಂದು ಸೇರು ಹೋಗ್ತಿತ್ತು. ಆದ್ರ ಅದು ಅಕ್ಕಡಿ. ಹೊಲಕ್ಕ ಹೊಲಾನ ಯಾರೂ ಹಾಕ್ಲಿಲ್ಲ, ಹಿರ್ಯಾರೇನು ದಡ್ಡರಿದ್ರ?

ನನಗ ತಿಳೀವಲ್ದು, ಎಣ್ಣಿಕಾಳೇ ಬೇಕಂದ್ರ ಕುಸುಬಿ ಯಾಕ ಬ್ಯಾಡ? ಮೊನ್ನೆ 1ನೇ ತಾರೀಖು ಕೇಂದ್ರದವ್ರು ಹಿಂಗಾರಿ ಬೆಂಬಲ ಬೆಲಿ ಹೇಳ್ಯಾರ, ಕ್ವಿಂಟಲ್ ಸಾಸಿವಿಗೆ 6,200 ರೂಪಾಯಿ, ಕುಸುಬಿಗೆ 6,540, ಕಡ್ಲಿಗೆ 5,875. ನೋಡು, ಕುಸುಬಿದಾ ಜಾಸ್ತಿ ಐತಿ. ಎರಿ ಭೂಮ್ಯಾಗ ಬೇರು ಆಳಕ್ಕ ಇಳಿಸಿ ಒಂದು ನೀರಿಲ್ದನೂ ಬರ್ತೈತಿ. ಮುಳ್ಳು ಚುಚ್ಚತೈತಿ ಅಂತ ಕೂಲಿಯವ್ರು ಬರಂಗಿಲ್ಲ, ಅದಕ್ಕಾ ಎಲ್ಲಾರೂ ಬಿಟ್ಟಾರ, ಈಗಂತೂ ಮಷಿನ್ ಕೊಯ್ತೈತಿ. ಇನ್ನ ಮಾರೋ ಮಾತು. ಸಾಸಿವಿ ತಗೊಳ್ಳೋ ಖರೀದಿ ಕೇಂದ್ರ ನಮ್ಮ ಕಡೆ ನಾ ಒಂದೂ ನೋಡಿಲ್ಲ, ಅಡತಿ ಅಂಗಡ್ಯಾಗ ಐದು ಚೀಲ ಇಳಿಸಿದ್ರ ಅಂವ ಮುಖಾ ಮುಖಾ ನೋಡಿ ತನಗ ತಿಳದ ರೇಟ್ ಹೇಳ್ತಾನ. ನಮ್ಮ ಮಂದಿ ಶೇಂಗಾ ಎಣ್ಣಿ, ಕುಸುಬಿ ಎಣ್ಣಿ ತಿಂತಾರ, ಸಾಸಿವಿ ಎಣ್ಣಿ ವಾಸನಿ ಬಂದ್ರ ಮೂಗು ಮುಚ್ಕೋತಾರ.

ಸಿಂಧನೂರು_ಹೊಸಗಾಳಿ
ಅಕ್ಟೋಬರ್ 7, ಸಂಜೆ 7:05

ಮಾವಾರ ಎಲ್ಲಾದಕ್ಕೂ ಕುಸುಬಿ ಅಂತಾರ ಬಿಡ್ರಿ 😄 ನಂದೊಂದು ಡೌಟ್, ಜಿಎಂ ಸಾಸಿವಿ, ಅಂದ್ರ ಜೀನ್ ಬದಲಿಸಿದ್ದು, ಡಿಎಂಎಚ್-11 ಅಂತ ಪೇಪರಿನ್ಯಾಗ ಬಂದಿತ್ತಲ್ಲ, ಆ ಬೀಜ ಸಿಗ್ತದೇನು? ಒಬ್ಬ ಫೋನ್ ಮಾಡಿ ಕೊಡ್ತೀನಿ ಅಂತಿದ್ದ. ಇನ್ನೊಂದು, ಒಂದ್ಸಲ ತಂದ ಬೀಜ ಮುಂದಿನ ವರ್ಷಕ್ಕ ಇಟ್ಕೋಬಹುದಾ, ನಾವೇ ಆರಿಸಿ ತಳಿ ಸುಧಾರಿಸ್ಕೋಬಹುದಾ?

ಎರಿಮಣ್ಣು
ಅಕ್ಟೋಬರ್ 7, ರಾತ್ರಿ 9:20

ಆ ಫೋನ್ ಮಾಡಿದಾಂವನ್ನ ಬ್ಲಾಕ್ ಮಾಡ್ರಿ. ಡಿಎಂಎಚ್-11 ರೈತರಿಗೆ ಮಾರಾಕ ಬಂದೇ ಇಲ್ಲ. ದಿಲ್ಲಿ ವಿಶ್ವವಿದ್ಯಾಲಯದ ದೀಪಕ್ ಪೆಂಟಲ್ ಅವರ ತಂಡ ಮಾಡಿದ್ದು, ನಮ್ಮ ವರುಣಾ ತಳಿಗೂ ಅರ್ಲಿ ಹೀರಾ-2 ಅನ್ನೋ ಪೂರ್ವ ಯುರೋಪಿನ ಸಂತತಿಗೂ ಸಂಕರ. 2022ರ ಅಕ್ಟೋಬರ್‌ದಾಗ ಕೇಂದ್ರದ ಸಮಿತಿ ಪರಿಸರಕ್ಕ ಬಿಡ್ಲಿಕ್ಕೆ ಶಿಫಾರಸು ಮಾಡ್ತು, 2024ರ ಜುಲೈದಾಗ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ರು.

ಅದಕ್ಕ ಅಷ್ಟೊಂದು ಸರ್ಕಸ್ ಯಾಕಂದ್ರ ಸಾಸಿವಿ ಹೂವಿನಾಗ ಗಂಡು ಹೆಣ್ಣು ಎರಡೂ ಒಂದೇ ಕಡೆ, ತನಗ ತಾನೇ ಕಾಯಿ ಕಚ್ತದ. ಹೈಬ್ರಿಡ್ ಮಾಡಬೇಕಂದ್ರ ಒಂದು ಸಾಲಿನ ಗಂಡು ಅಂಶ ಕೆಲಸ ಮಾಡಬಾರ್ದು. ಬಾರ್ನೇಸ್ ಅನ್ನೋ ಜೀನ್ ಪರಾಗ ಆಗದಂಗ ತಡೀತದ, ಬಾರ್‌ಸ್ಟಾರ್ ಇನ್ನೊಂದು ಕಡೆಯಿಂದ ಬಂದು ಅದನ್ನ ಬಿಡಿಸ್ತದ, ಎರಡೂ ಮಣ್ಣಿನ ಬ್ಯಾಕ್ಟೀರಿಯಾದಿಂದ ತಗದದ್ದು. ಜಿಎಂ ಇಲ್ದನೂ ಹೈಬ್ರಿಡ್ ಅದಾವ, ಎನ್ಆರ್‌ಸಿಎಚ್‌ಬಿ-506 ಹಂಗಾ ಬಂದದ್ದು. ತಮಾಷಿ ಅಂದ್ರ ನಾವು ಒಗ್ಗರಣಿಗೆ ಹಾಕೋ ಸಾಸಿವಿನೇ ಮೂಲದಾಗ ಎರಡು ಜಾತಿ ಕೂಡಿ ಹುಟ್ಟಿದ್ದು, 20 ಕ್ರೋಮೋಸೋಮಿನದೊಂದು 16ರದೊಂದು ಕೂಡಿ 36. ಇದನ್ನ 1935ರಾಗ ನಾಗಹರು ಯು ಅನ್ನೋ ಕೊರಿಯಾ ಮೂಲದ ವಿಜ್ಞಾನಿ ತೋರ್ಸಿಕೊಟ್ಟ, ಓದೋವಾಗ ನನಗ ಭಾಳ ಸೇರಿದ ಪಾಠ ಅದು.

ಬೀಜ ಇಟ್ಕೋಳೋದು. ಹೈಬ್ರಿಡ್ ಆದ್ರ ಇಡಬ್ಯಾಡ್ರಿ. ಪೂಸಾ 25 ಅಂಥ ಸಾದಾ ತಳಿ ಎರಡು ಮೂರು ವರ್ಷ ಧಾರಾಳ ಇಡಬಹುದು, ಜೇನುಹುಳ ಸ್ವಲ್ಪ ಬೆರಸ್ತಾವ, ಅದಕ್ಕ ಬದುವಿನ ಕಡೆದು ಬಿಟ್ಟು ಹೊಲದ ನಟ್ಟನಡುವಿನ ಗಿಡ ಆರಿಸ್ರಿ. ಹೂ ಬರೋ ಟೈಮಿಗೆ ಎಲ್ಲಾರಿಗಿಂತ ಮುಂಚೆ ಬಂದದ್ದು, ಎಲಿ ಹಿಂದ ಬಿಳೀ ಪುಟ್ಟ ಪುಟ್ಟ ಗುಳ್ಳಿ ಇಲ್ಲದ್ದು, ನಡುಗಡ್ಡಿಗೆ ಕಾಯಿ ಒತ್ತೊತ್ತಾಗಿ ಇರೋದು, ಅಂಥ ಗಿಡಕ್ಕ ಒಂದು ಕೆಂಪು ದಾರ ಕಟ್ಟಿ ಅದನ್ನಷ್ಟೇ ಬ್ಯಾರೆ ಕೊಯ್ದು ಬ್ಯಾರೆ ಬಡೀರಿ. ಆ ಬಿಳೀ ಗುಳ್ಳಿನೇ ಬಿಳಿ ತುಕ್ಕು ರೋಗ, ಅದಕ್ಕ ಬೀಜಕ್ಕ ಮೆಟಲಾಕ್ಸಿಲ್ ಲೇಪನ ಮಾಡ್ತಾರ, ಕೆಜಿಗೆ 6 ಗ್ರಾಂ. ತೋರಿಯಾ ಅಂತ ಬರ್ತದಲ್ಲ, ಅದು ಬ್ಯಾರೆ ಜಾತಿ, ಪರಪರಾಗದ್ದು, ಅದರ ಬೀಜ ಇಟ್ರ ಸುತ್ತಿನ ಹೊಲದ್ದೆಲ್ಲಾ ಕೂಡ್ತದ.

ಹೇನಿಗೆ ಒಂದು ಮಾತು ಹಗರಿ ಅಣ್ಣಗ. ಮೊದಲ ನಾಲ್ಕು ಗಿಡ ಕಂಡ್ರಲ್ಲ, ಆಗಲೇ ಆ ತುದಿ ಮುರಿದು ಕವರಿಗೆ ಹಾಕಿ ಹೂತಿದ್ರ ಅರ್ಧ ಮುಗೀತಿತ್ತು. ನೂರು ಗಿಡದಾಗ ಹತ್ತಕ್ಕ ಹತ್ತೋ ತನಕ ವಿಷದ ಕಡೆ ಹೋಗಬ್ಯಾಡ್ರಿ, ಗುಲಗಂಜಿ ಹುಳ ತಿಂತಿರ್ತಾವ, ಬೇವಿನೆಣ್ಣಿ ಸಾಕು. ಮೀರಿದ್ರ ಥಯಾಮೆಥಾಕ್ಸಾಮ್ ಲೇಬಲ್ ನೋಡಿ ಹೊಡೀರಿ, ಅದೂ ಸಂಜಿ ಜೇನು ಗೂಡಿಗೆ ಹೋದ ಮ್ಯಾಲೆ. ಹೊಲದಾಗ ಹೂವಿದ್ದಾಗ ಬೆಳಿಗ್ಗೆ ಹೊಡಿಯೋದು ನಮ್ಮ ಕೈಯಾರೆ ನಮ್ಮ ಕಾಯಿ ಕಿತ್ತಂಗ.

ಒಗ್ಗರಣೆ_ಅಕ್ಕ
ಅಕ್ಟೋಬರ್ 8, ಬೆಳಿಗ್ಗೆ 11:30

ನಾ ಗಂಗಾವತಿಯಾಗ ಮನ್ಯಾಗ ಉಪ್ಪಿನಕಾಯಿ ಮಾಡಿ ಮಾರ್ತೀನ್ರಿ, ಹೊಲದ ಬಗ್ಗೆ ಗೊತ್ತಿಲ್ಲ ಸಾಸಿವಿ ಬಗ್ಗೆ ಗೊತ್ತು. ಮಾವಾರ, ಎಣ್ಣಿಗೆ ಯಾರೂ ತಗೊಳ್ಳಂಗಿಲ್ಲ ಖರೇ, ಉಪ್ಪಿನಕಾಯಿಗೆ ತಗೋತಾರ. ವರ್ಷಕ್ಕ ನನಗಾ ಎರಡೂವರಿ ಕ್ವಿಂಟಲ್ ಬೇಕು. ಅಂಗಡ್ಯಾಗ ತಂದದ್ದರಾಗ ಎಷ್ಟೋ ಸಲ ಖಾರಾನ ಇರಂಗಿಲ್ಲ. ನನ್ನ ಪರೀಕ್ಷಿ ಹೇಳ್ತೀನಿ, ಒಂದು ಚಮಚ ಸಾಸಿವಿ ಕುಟ್ಟಿ ತಣ್ಣೀರಾಗ ಕಲಸಿ ಐದು ನಿಮಿಷ ಬಿಡ್ರಿ, ಮೂಗಿಗೆ ಒಯ್ದ್ರ ಕಣ್ಣಾಗ ನೀರು ಬರಬೇಕು. ಬಿಸಿನೀರಾಗ ಕಲಸಿದ್ರ ಬರಂಗಿಲ್ಲ, ಖಾರ ಹುಟ್ಟೋದೇ ಕುಟ್ಟಿ ನೀರು ಹತ್ತಿದ ಮ್ಯಾಲೆ.

ಇನ್ನೊಂದು, ನಿಮ್ಮ ಕಡೆ ಬೀಳು ಹೊಲದಾಗ ಹಳದಿ ಹೂವಿನ ಮುಳ್ಳು ದತ್ತೂರಿ ಇರ್ತೈತಲ್ಲ, ಮುರಿದ್ರ ಹಳದಿ ಹಾಲು ಬರೋದು, ಅದರ ಬೀಜ ಥೇಟ್ ಸಾಸಿವಿನೇ. ಹೊಲದಾಗ ಒಂದೂ ಬಿಡಬ್ಯಾಡ್ರಿ. 1998ರಾಗ ದಿಲ್ಲಿಯಾಗ ಸಾಸಿವಿ ಎಣ್ಣ್ಯಾಗ ಅದು ಕೂಡಿ ಕಾಲು ಬಾತು 60ಕ್ಕೂ ಹೆಚ್ಚು ಮಂದಿ ತೀರ್ಕೊಂಡ್ರು. ನಾ ತಗೊಳ್ಳೋವಾಗ ಮೊರದಾಗ ಹಾಕಿ ನೋಡ್ತೀನಿ, ದತ್ತೂರಿ ಬೀಜದ ಮೈ ಗರಗರ, ಸಾಸಿವಿ ನುಣ್ಣಗ.

ಎರಿಮಣ್ಣು
ಅಕ್ಟೋಬರ್ 8, ಮಧ್ಯಾಹ್ನ 12:10

ಅಕ್ಕಾರ ಹೇಳಿದ್ದು ಒಂದು ದೊಡ್ಡ ಮಾತು. ಈಗಿನ ಹೊಸ ತಳಿಯಾಗ ಡಬಲ್ ಜೀರೋ ಅಂತ ಬರ್ತಾವ, ಪೂಸಾ ಡಬಲ್ ಜೀರೋ ಮಸ್ಟರ್ಡ್ 31 ಅಂಥಾವು. ಎಣ್ಣಿಯಾಗಿನ ಎರುಸಿಕ್ ಆಮ್ಲ 40ರ ಆಜುಬಾಜಿನಿಂದ ಶೇ. 2ರ ಕೆಳಗ ಇಳಿಸ್ಯಾರ, ಹಿಂಡಿಯಾಗಿನ ಖಾರದ ಅಂಶನೂ ಇಳಿಸ್ಯಾರ, ದನ ಕೋಳಿಗೆ ಹಿಂಡಿ ಚಲೋ. ಗಾಣಕ್ಕ ಅದು ಸುಧಾರಣಿ, ಅಕ್ಕಾರ ಉಪ್ಪಿನಕಾಯಿಗೆ ಅದು ಸಪ್ಪೆ. ಮಾರೋದು ಇವ್ರಿಗೆ ಅಂದ್ರ ಡಬಲ್ ಜೀರೋ ತರಬ್ಯಾಡ್ರಿ ಕಾರಟಗಿಯವ್ರ.

ಕಾರಟಗಿ_ಕೊನೆಭಾಗ
ಅಕ್ಟೋಬರ್ 19, ರಾತ್ರಿ 8:30

ಎಲ್ಲಾರೂ ಬೈದ್ರೂ ಚಲೋಕ್ಕ ಬೈದ್ರಿ. ಏಳೆಕ್ರೆ ವಿಚಾರ ಬಿಟ್ಟೆ. ಬೋರಿನ ಪಕ್ಕ ಸಜ್ಜಿ ಕಿತ್ತ ಒಂದೆಕ್ರೆ ಇತ್ತು, ಪೂಸಾ 25 ಟ್ಯಾಗ್ ಇರೋ ಬೀಜ ಎರಡು ಕೆಜಿ ತರಿಸಿ 16ಕ್ಕ ಬಿತ್ತೀನಿ. ನೀರು ತೋರಿಸ್ದೆ, ಈ ಬೆಳಿಗೆ ನಡೀತೈತಿ ಅಂದ್ರು. ಉಸುಕು ಕಲಸಿ ಕೂರಿಗಿ ಹೂಡಿದ್ವಿ, ನಮ್ಮಪ್ಪ ಉಸುಕು ಬಿತ್ತಿ ಸಾಸಿವಿ ಬೆಳೀತೀಯಾ ಅಂತ ನಗಾಕತ್ತಿದ್ದ. ಬದುವಿಗೆ ಎರಡು ಸಾಲು ಕುಸುಬಿನೂ ಹಾಕೀನಿ ಮಾವಾರ, ಸಮಾಧಾನ ಆಗ್ರಿ.

ಕಾರಟಗಿ_ಕೊನೆಭಾಗ
ಜನವರಿ 27, ರಾತ್ರಿ 9:15

ಕೊಯ್ದು ರಾಶಿ ಆತ್ರಿ. ಗಿಡ ಕೀಳೋದು ಅರ್ಧ ಹೊಲಕ್ಕ ಮಾಡಿದ್ವಿ, ಕೂಲಿ ಸಿಗ್ಲಿಲ್ಲಂತ ಅರ್ಧ ಹಂಗಾ ಬಿಟ್ಟೆ, ಎರಡಕ್ಕೂ ನಡುವ ಗೆರಿ ಎಳದಂಗ ಕಾಣ್ತಿತ್ತು, ಕಿತ್ತ ಕಡೆ ಗಿಡ ಎದಿಮಟ, ಕವಲು ಹತ್ತು ಹನ್ನೆರಡು, ಕೀಳದ ಕಡೆ ಊದಿನಕಡ್ಡಿ. ಹೇನು ಜನವರಿ ಮೊದಲ ವಾರ ಬದುವಿಗೆ ಬಂತು, ತುದಿ ಮುರಿದು ಹೂತೆ, ಒಂದ್ಸಲ ಬೇವಿನೆಣ್ಣಿ ಹೊಡ್ದೆ, ವಿಷದ ಮಟ ಹೋಗ್ಲಿಲ್ಲ. ಮುಕ್ಕಾಲು ಕಾಯಿ ಹಳದಿ ಆದ ಕೂಡ್ಲೇ ಮುಂಜಾನೆ ಇಬ್ಬನಿ ಇರೋವಾಗ್ಲೇ ಕೊಯ್ದ್ವಿ. ಎರಡನೇ ದಿನ ಒಂಬತ್ತು ಗಂಟಿ ಮ್ಯಾಲೆ ಕುಡುಗೋಲು ಹಾಕಿದ್ವಿ, ಕಾಯಿ ಪಟಪಟ ಸಿಡಿದು ಕಾಳೆಲ್ಲಾ ಮಣ್ಣುಪಾಲು, ಅಲ್ಲೇ ನಿಲ್ಲಿಸ್ದೆ. ತೂಗಿದ್ರ ಮೂರು ಕ್ವಿಂಟಲ್ ಎಂಬತ್ತು ಕೆಜಿ. ವಿಡಿಯೋದ ಹತ್ತು ಎಲ್ಲಿ ಇದೆಲ್ಲಿ, ಆದ್ರ ಕೈಯಿಂದ ಹೋಗಿಲ್ಲ. ಕೆಂಪು ದಾರ ಕಟ್ಟಿದ ನಲವತ್ತು ಗಿಡದ ಬೀಜ ಬ್ಯಾರೆ ಡಬ್ಬ್ಯಾಗ ಐತಿ.

ಒಗ್ಗರಣೆ_ಅಕ್ಕ
ಜನವರಿ 27, ರಾತ್ರಿ 9:50

ಅಡತಿಗೆ ಒಯ್ಯಬ್ಯಾಡ್ರಿ, ಎರಡು ಕ್ವಿಂಟಲ್ ನಂಗಿಡ್ರಿ. ಮೊದಲ ಒಂದು ಪಾವ್ ಕಳಿಸಿಕೊಡ್ರಿ, ಕುಟ್ಟಿ ನೋಡ್ತೀನಿ.

ಕುಷ್ಟಗಿ_ಮಾವ
ಜನವರಿ 28, ಬೆಳಿಗ್ಗೆ 6:10

ಅಲ್ಲೋ ತಮ್ಮಾ, ಬದುವಿನ ಕುಸುಬಿ ಏನಾತು ಅಂತ ಹೇಳ್ಲೇ ಇಲ್ಲಲ್ಲ?